ಮಾವನ ಕಣ್ಣೀರು, ಗಿರಿಜೆಯ ಕಿಟಕಿ

ಹೊಸದುರ್ಗದ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಕಳೆದ ವಾರ ಅಮೆರಿಕದ ಮೇಲೆ ಭಾರೀ ಸಿಟ್ಟು. ಎಬ್ಬಿಸಿದವರು ನಮ್ಮ ರುದ್ರಪ್ಪ ಮಾವ. (ನನ್ನ ಅವ್ವನ ಅಣ್ಣ. ಮೇಷ್ಟರಾಗಿ ರಿಟೈರ್ ಆದ ಮೇಲೆ ನಮ್ಮ ಮನೆಯಲ್ಲೇ ಇದ್ದಾರೆ. ಪೇಪರು ಮೊದಲು ಅವರಿಗೆ, ಆಮೇಲೆ ನಮಗೆ.)

ವಿಷಯ ಇಷ್ಟು. ಭೂಮಿಯನ್ನು ಸುತ್ತುತ್ತಿರುವ ಅಮೆರಿಕದ ಆಕಾಶ ಪ್ರಯೋಗಶಾಲೆಯಲ್ಲಿ ಮೂವರು ಗಗನಯಾತ್ರಿಗಳು ತಿಂಗಳುಗಟ್ಟಲೆ ಇದ್ದಾರೆ. ಕೆಳಗಿನ ಕಂಟ್ರೋಲ್ ರೂಮಿನವರು ಬಿಡುವಿಲ್ಲದೆ ಕೆಲಸ ಹೇಳುತ್ತಲೇ ಇದ್ದಾರೆ. ಮೇಲಿನವರಿಗೆ ರೋಸಿಹೋಯಿತು. ಸ್ವಲ್ಪ ಪುರುಸೊತ್ತು ಕೊಡಿ, ಕಿಟಕಿಯಲ್ಲಿ ಹೊರಗೆ ನೋಡುತ್ತೇವೆ ಎಂದರಂತೆ. ಅಷ್ಟಕ್ಕೇ ಮಾವ ಮೇಜು ಗುದ್ದಿದರು. ಡಬ್ಬಿಯಲ್ಲಿ ತುಂಬಿಡಲು ಅವರೇನು ಉಪ್ಪಿನಕಾಯಿಯೇ ಎಂದು ಕೇಳಿದರು. ಹೋಟೆಲಿಗೆ ಹೋಟೆಲೇ ಲೊಚಗುಟ್ಟಿತು. ಒಬ್ಬರಂತೂ ಅಲ್ಲಿ ಮುದ್ದೆ ಸಿಗುತ್ತದೋ ಇಲ್ಲವೋ ಎಂದು ಮರುಗಿದರು.

ಮಾವನ ಕಣ್ಣು ತುಂಬಿದ್ದನ್ನು ನಾನೇ ನೋಡಿದೆ. ಅಂಥ ಮೃದು ಮನಸ್ಸು.

ಆ ಮೃದು ಮನಸ್ಸನ್ನು ಕರೆದುಕೊಂಡು ಮನೆಗೆ ಬಂದೆ. ನಡುಮನೆಯ ಪಕ್ಕದ ಕೋಣೆಯಲ್ಲಿ ತಂಗಿ ಗಿರಿಜ ಕೆಮ್ಮುತ್ತಿದ್ದಳು. ಚೊಚ್ಚಲ ಬಾಣಂತನಕ್ಕೆ ಬಂದವಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ಹೊತ್ತು ಹೊತ್ತಿಗೆ ಸಾಂಬ್ರಾಣಿ ಹೊಗೆ. ಕುಡಿಯುವ ನೀರಿಗೂ ಅಳತೆ. ಇರುವ ಒಂದೇ ಕಿಟಕಿಗೆ ಗೋಣಿಚೀಲ ತುರುಕಿದೆ. ಚಳಿಗಾಳಿ ತಾಗಿದರೆ ಸನ್ನಿ ಹಿಡಿಯುತ್ತದಂತೆ. (ನಮ್ಮ ಮನೆಯ ಕಂಟ್ರೋಲ್ ರೂಮು ಯಾರೆಂದು ಬೇರೆ ಹೇಳಬೇಕೇ?) ಮೊನ್ನೆಯಿಂದ ಕೂಸೂ ಕೆಮ್ಮುತ್ತಿತ್ತು. ಹಾಲು ಸರಿಯಾಗಿ ಕುಡಿಯುತ್ತಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಅವ್ವನಿಗೆ ಹೇಳಿದರೆ ಅವಳು ಅಣ್ಣನ ಮುಖ ನೋಡುತ್ತಿದ್ದಳು.

ಮಾವ ನಡುಮನೆಯಲ್ಲಿ ಕೂತು ಅದೇ ಸುದ್ದಿಯನ್ನು ಮತ್ತೆ ಗಟ್ಟಿಯಾಗಿ ಓದಿದರು. ಒಳಗಿನಿಂದ ಗಿರಿಜ ಕೇಳಿದಳು:

"ಮಾವ, ಅವ್ರಿಗೆ ಕಿಟಕಿ ಐತಾ?"

"ಐತಮ್ಮ. ಇಡೀ ಭೂಮಿ ಕಾಣ್ತೈತಂತೆ."

"ನಂಗೆ ಹಿತ್ಲು ಕಂಡ್ರೆ ಸಾಕು. ಕೂಸಿಗೆ ಉಸಿರು ಕಟ್ತೈತೆ, ಆ ಚೀಲ ತೆಗೀರಿ."

ಮಾವ ಪೇಪರು ಮಡಿಸಿಟ್ಟರು. ಹೆಂಗಸರು ಮೊದಲಿಂದಲೂ ಹೀಗೇ ಇದ್ದು ಬಂದಿದ್ದಾರೆ, ಯಾರಿಗೇನಾಗಿದೆ ಎಂದು ಬುದ್ಧಿ ಹೇಳಲು ಕೋಣೆಯೊಳಗೆ ನಡೆದರು. ಅವ್ವ ಆಗಷ್ಟೇ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಎಣ್ಣೆ ಹಚ್ಚಲು ಕೂಸನ್ನು ಹೊರಗೆ ತಂದಿದ್ದಳು.

ನನಗೆ ರೇಗಿತು. ಹೊರಗಿನಿಂದ ಚಿಲಕ ಹಾಕಿದೆ.

ಒಳಗೆ ಭಾಷಣ ಶುರುವಾಯಿತು. ಮಾವನಿಗೂ ಕೆಮ್ಮು ಶುರುವಾಯಿತು. ಭಾಷಣ ನಿಂತಿತು. ಕೆಮ್ಮು ನಿಲ್ಲಲಿಲ್ಲ. ಮಾವ ಬಾಗಿಲು ಬಡಿದರು.

"ಲೇ, ಕಣ್ಣು ಉರೀತಾವಲೇ. ತೆಗಿಯಲೇ."

ನಾನು ಪೇಪರು ಓದುತ್ತಿದ್ದೆ. (ಅಪರೂಪಕ್ಕೆ ಕೈಗೆ ಸಿಕ್ಕಿತ್ತು.) ಅವ್ವ ಕೂಡ ಎದ್ದು ಬರಲಿಲ್ಲ; ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಗೋಣಿಚೀಲ ಧೊಪ್ಪನೆ ಬಿತ್ತು. ಕಿತ್ತೆಸೆದದ್ದು ಸಾಕ್ಷಾತ್ ಮಾವನೇ. ಆಮೇಲೆ ಚಿಲಕ ತೆಗೆದೆ.

ಅವತ್ತಿನಿಂದ ಕಿಟಕಿ ತೆರೆದೇ ಇದೆ. ಕೂಸಿನ ಕೆಮ್ಮು ಇಳಿದಿದೆ, ಹಟ ಮಾಡಿ ಹಾಲು ಕುಡಿಯುತ್ತಿದೆ. ಗಿರಿಜೆಗೆ ಯಾವ ಸನ್ನಿಯೂ ಹಿಡಿದಿಲ್ಲ. ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹೋಟೆಲಿನಲ್ಲಿ ಮಾತ್ರ ಬಿಟ್ಟಿಲ್ಲ. ಕಿಟಕಿಯ ಹತ್ತಿರ ಬಿಡದಿದ್ದರೆ ಮನುಷ್ಯ ಬದುಕುವುದಾದರೂ ಹೇಗೆ ಎಂದು ನಿನ್ನೆಯೂ ಆ ಮೂವರ ಪರವಾಗಿ ಮೇಜು ಗುದ್ದಿದರಂತೆ. ಸುತ್ತ ಕೂತವರೆಲ್ಲ ಹೌದು ಹೌದು ಎಂದರಂತೆ. ಅವರಲ್ಲಿ ಮನೆಯಲ್ಲಿ ಬಾಣಂತಿ ಇದ್ದವರೂ ಇದ್ದರು.

ಆಕಾಶದ ಮಾತು ಇರಲಿ ಸ್ವಾಮಿ, ನಿಮ್ಮ ಮನೆಯ ಬಾಣಂತಿ ಕೋಣೆಯಲ್ಲಿ ನೀವು ಎಷ್ಟು ಹೊತ್ತು ಕೂತಿದ್ದೀರಿ?