ಎರಡು ಕುರ್ಚಿಯ ಕಾಗದದ ಮನೆ

ಕಾಗದ ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ಬಂತು. ಚೀನೀಯರ ಏಳನೇ ತಿಂಗಳು ಶುರುವಾಗಿದೆ. ಕೆಳಗೆ ವಾಯ್ಡ್ ಡೆಕ್, ಅಂದರೆ ಬ್ಲಾಕಿನ ತಳದ ತೆರೆದ ಜಾಗ, ಅದರ ಪಕ್ಕದ ತಗಡಿನ ಡ್ರಮ್ಮಿನಲ್ಲಿ ಜನ ತಮ್ಮ ಸತ್ತವರಿಗಾಗಿ ಕಾಗದದ ಬಟ್ಟೆ, ಕಾಗದದ ಮೊಬೈಲು ಸುಡುತ್ತಾರೆ. ಸುಟ್ಟದ್ದು ಅವರಿರುವಲ್ಲಿಗೆ ತಲುಪುತ್ತದಂತೆ. ಮಗಳು ಕಿಟಕಿ ಮುಚ್ಚಿದಳು. ನಾನು ಮತ್ತೆ ತೆರೆದೆ... ಆ ವಾಸನೆ ಬಂದರೆ ನನಗೆ ಎದುರುಮನೆ ಹುಡುಗಿಯೇ ಬಂದ ಹಾಗೆ.

ಟ್ಯಾಂಪಿನೀಸ್ ಬಡಾವಣೆಯ ಈ ಬಹುಮಹಡಿ ಬ್ಲಾಕಿನಲ್ಲಿ ಅವರ ಬಾಗಿಲು, ನಮ್ಮ ಬಾಗಿಲು ಎದುರುಬದುರು. ಅವಳ ಅಜ್ಜಿಯನ್ನು ಅವಳು ಆ-ಮಾ ಎನ್ನುತ್ತಿದ್ದಳು, ನಾನೂ ಹಾಗೇ ಕರೆದೆ. ಚಿಕ್ಕಂದಿನಲ್ಲೇ ಚೀನಾದಿಂದ ಹಡಗಿನಲ್ಲಿ ಬಂದವರು. ಜೀವನವಿಡೀ ಯಾರದೋ ಮನೆಯ ಯಾವುದೋ ಕೋಣೆಯಲ್ಲಿ ಕಳೆದವರು. ನನ್ನ ಕಾನ್ವೆಂಟ್ ಇಂಗ್ಲಿಷ್ ಅವರ ಮುಂದೆ ಟೋಟಲಿ ಯೂಸ್‌ಲೆಸ್. ಆದರೂ ಸಂಜೆ ಫಿಲ್ಟರ್ ಕಾಫಿ ಹಿಡಿದು ಹೋಗುತ್ತಿದ್ದೆ. ನನ್ನದು ನೆಗ್ಗಿದ ಸ್ಟೀಲ್ ಲೋಟ, ಅವರದು ಹಿಡಿ ಮುರಿದ ಪಿಂಗಾಣಿ ಕಪ್ಪು. ಅವರು ತಮ್ಮ ಭಾಷೆಯಲ್ಲಿ ಸೊಸೆಯನ್ನು ಬೈಯುವರು, ನಾನು ಕನ್ನಡದಲ್ಲಿ ಅಳಿಯನನ್ನು. ವಿ ಅಂಡರ್‌ಸ್ಟುಡ್ ಈಚ್ ಅದರ್ ಪರ್ಫೆಕ್ಟ್ಲಿ.

ಹುಡುಗಿ ಆರ್ಟಿಸ್ಟ್. ಏನು ಆರ್ಟ್ ಎಂದರೆ ಹೇಳುವುದು ಕಷ್ಟ; ಸ್ವಲ್ಪ ಕಾಗದ, ಸ್ವಲ್ಪ ಶಬ್ದ, ಸ್ವಲ್ಪ ಕುಣಿತ. ಎಲ್ಲಾ ಕಲಸುಮೇಲೋಗರ ಲಾ ಆಂಟಿ, ಎಂದು ಇಲ್ಲಿಯವರ ‘ಲಾ’ ಸೇರಿಸಿ ನಗುತ್ತಿದ್ದಳು. ಸತ್ತವರಿಗೆ ಬಿದಿರು, ಕಾಗದದ ಮನೆ ಕಟ್ಟುವುದು ಅವಳ ಮುತ್ತಾತನ ಕಸುಬಾಗಿತ್ತಂತೆ. ಆ-ಮಾ ಹೋದ ಮೇಲೆ ಅವಳು ಅದನ್ನು ಮತ್ತೆ ಕೈಗೆತ್ತಿಕೊಂಡಳು: ಆ-ಮಾಗೆ ಅವರದೇ ಆದ ಒಂದು ಮನೆ. ಅದೇ ಅವಳ ಮೊದಲ ದೊಡ್ಡ ಎಕ್ಸಿಬಿಷನ್ ಕೂಡ ಆಯಿತು. ಶೋ ಮುಗಿದ ಮೇಲೆ ಮನೆಯನ್ನು ವಿದೇಶಕ್ಕೆ ಕಳಿಸೋಣ, ನಿನ್ನ ಹೆಸರಾಗುತ್ತದೆ ಎಂದು ಎಕ್ಸಿಬಿಷನ್ನಿನವರು ದುಂಬಾಲು ಬಿದ್ದಿದ್ದರು. ಅವಳು ಒಪ್ಪಲಿಲ್ಲ.

"ಸುಡದಿದ್ರೆ ಆ-ಮಾ ಹೊರಗೇ ನಿಂತಿರ್ತಾರೆ, ಆಂಟಿ."

ಶೋಗೆ ಮೊದಲು ನನ್ನನ್ನು ಕರೆದು ತೋರಿಸಿದಳು. ಸೊಂಟದೆತ್ತರದ ಮನೆ. ಒಳಗೆ ಮೇಜು, ಎರಡು ಕುರ್ಚಿ, ಹಿಡಿ ಮುರಿದ ಕಪ್ಪು. ಅದರ ಎದುರಿಗೆ ಬೆಳ್ಳಿ ಕಾಗದದಲ್ಲಿ ನನ್ನ ಲೋಟ, ಥೇಟ್ ಅದೇ ನೆಗ್ಗು! ಎಲ್ಲೋ ಅಡಗಿಸಿದ್ದ ಸ್ಪೀಕರಿನಿಂದ ಆ-ಮಾ ಚಪ್ಪಲಿ ಎಳೆಯುವ ಸದ್ದು, ಕಾಫಿ ಸೊರ್ರೆಂದು ಹೀರುವ ಸದ್ದು... ಆಮೇಲೆ, ಯಾವಾಗ ರೆಕಾರ್ಡ್ ಮಾಡಿಕೊಂಡಿದ್ದಳೋ, ನನ್ನದೇ ದನಿ: "ಸಾಕಾ? ಇನ್ನೊಂಚೂರು ಹಾಕ್ಲಾ?" ಮೊದಲು ನಗು ಬಂತು. ಆಮೇಲೆ ಈ ಮನೆ ಹೋಗುವುದು ಎಲ್ಲಿಗೆ ಎಂದು ನೆನಪಾಯಿತು.

"ಆ ಕುರ್ಚಿ ನಂದಾ?" ಎಂದೆ.

ಅವಳ ಮುಖ ಬಿಳಿಚಿತು. ಬದುಕಿರುವವರದ್ದನ್ನು ಕಾಗದದಲ್ಲಿ ಮಾಡಿ ಸುಡಬಾರದು. ಅವರ ಮನೆಯ ಮಗುವಿಗೂ ಗೊತ್ತಿರುವ ನಿಯಮ. ಕೆಲಸದ ಗುಂಗಿನಲ್ಲಿ ಮರೆತಿದ್ದಳು, ಪೂರ್ ಥಿಂಗ್. ಲೋಟ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಇದು ನಿಮ್ಮ ಹತ್ರಾನೇ ಇರ್ಲಿ. ನಿಮಗಿನ್ನೂ ಟೈಮ್ ಇದೆ ಲಾ."

ಶೋ ಮುಗಿದ ಸಂಜೆ ಬ್ಲಾಕಿನ ಹಿಂದೆ ಮನೆಗೆ ಬೆಂಕಿ ಹಚ್ಚಿದಳು. ಉರಿ ಹತ್ತಿದ ಮೇಲೆ ಕಂಡಿತು... ನನ್ನ ಲೋಟವಿದ್ದ ಜಾಗದಲ್ಲಿ ಪುಟ್ಟ ಹಳದಿ ಮಗ್. ಅವಳು ದಿನಾ ಟೀ ಕುಡಿಯುತ್ತಿದ್ದದ್ದು ಅಂಥದ್ದರಲ್ಲೇ. ಏನೇ ಇದು, ಎಂದು ಕೂಗಿದೆ.

"ಎದುರು ಕುರ್ಚಿ ಖಾಲಿ ಇದ್ರೆ ಆ-ಮಾ ಕಾಫಿ ಮುಟ್ಟಲ್ಲ, ಆಂಟಿ," ಎಂದಳು. ಯಾವ ಹೆದರಿಕೆಯೂ ಇಲ್ಲದ ದನಿ.

ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆದರೂ ಆ ಕಾಗದದ ಬಾಗಿಲು ಒಳಗಿನಿಂದ ಯಾರೋ ಎಳೆದ ಹಾಗೆ ಮೆಲ್ಲಗೆ ತೆರೆದುಕೊಂಡಿತು. ಆಮೇಲೆ ಬರೀ ಬೂದಿ.

ಮುಂದಿನ ಏಳನೇ ತಿಂಗಳಿಗೆ ಅವಳಿರಲಿಲ್ಲ. ಜ್ವರವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಸೂಪರ್‌ಸ್ಟಿಷನ್, ಮೈ ಡಿಯರ್, ಎನ್ನುತ್ತಿದ್ದರು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು. ಇರಬಹುದು. ಆದರೆ ಆ ಜಾಗ ನನ್ನದಾಗಿತ್ತು...

ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ಇವತ್ತು ಬೀರುವಿನಿಂದ ಆ ಕಾಗದದ ಲೋಟ ತೆಗೆದೆ. ಒಳಗೆ ಕಂದು ಬಣ್ಣದ ಗೆರೆ ಸುತ್ತ ಕಟ್ಟಿದೆ, ಯಾರೋ ಕಾಫಿ ಕುಡಿದಿಟ್ಟ ಹಾಗೆ. ಇಲ್ಲಿನ ಹವೆಗೆ ಕಾಗದ ಹಾಗಾಗುತ್ತೆ ಅಮ್ಮ, ಎಂದಳು ಮಗಳು. ನಾನು ದಪ್ಪ ಕಾಗದ ತಂದು, ಕಾನ್ವೆಂಟಿನಲ್ಲಿ ಕಲಿತ ಕ್ರಾಫ್ಟ್ ನೆನಪು ಮಾಡಿಕೊಂಡು ಕತ್ತರಿಸಿ ಅಂಟಿಸಿದೆ. ಒಂದು ಕಾಲು ಗಿಡ್ಡ, ಅವಳಿದ್ದರೆ ನಗುತ್ತಿದ್ದಳು.

"ಏನಮ್ಮ ಅದು?"

"ಕುರ್ಚಿ," ಎಂದೆ. "ಆ ಮನೇಲಿ ಇರೋದು ಎರಡೇ."