ಹಾರನ್ ಸುಮ್ಮನಾದಾಗ

ಬಸ್ ಡಿಪೋದಲ್ಲಿ ಅವನಿಗೆ ಹಾರನ್ ಎಂದೇ ಹೆಸರು. ಬಸ್ಸಿನ ಹಾರನ್ ಕೆಟ್ಟರೂ ಇವನ ಬಾಯಿ ಕೆಡುವುದಿಲ್ಲ ಎಂದು ಕಂಡಕ್ಟರುಗಳು ಆಡಿಕೊಳ್ಳುತ್ತಿದ್ದರು. ಅಂಥವನನ್ನು ಕಟ್ಟಿಕೊಂಡವಳು ಟೈಲರ್, ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಅರ್ಧ ಆಯುಸ್ಸು ಕಳೆದವಳು. ಇಬ್ಬರ ಪಾಲಿನ ಮಾತನ್ನೂ ಅವನೇ ಆಡಿ ಮುಗಿಸುತ್ತಿದ್ದ. ಅವಳಿಗೂ ಅದೇ ಅನುಕೂಲವಾಗಿತ್ತು.

ಅವನು ಮಾತು ನಿಲ್ಲಿಸಿದರೆ ಅವಳ ಎದೆ ಧಸಕ್ಕೆನ್ನುವುದು ಶುರುವಾದದ್ದು ಒಂದು ಸಿಗ್ನಲ್ಲಿನಿಂದ. ದೀಪ ಹಸಿರಾದರೂ ಬಸ್ಸು ಕದಲಲಿಲ್ಲ. ಹಿಂದಿದ್ದವರೆಲ್ಲ ಹಾರನ್ ಬಾರಿಸಿದರು; ಈ ಹಾರನ್ ಮಾತ್ರ ಸ್ಟೇರಿಂಗ್ ಹಿಡಿದು, ಕಣ್ಣು ಬಿಟ್ಟುಕೊಂಡೇ, ಗೊಂಬೆಯ ಹಾಗೆ ಕೂತಿದ್ದ. ಕಂಡಕ್ಟರ್ ಭುಜ ಅಲುಗಾಡಿಸಿದ ಸ್ವಲ್ಪ ಹೊತ್ತಿಗೆ, ಅರ್ಧಕ್ಕೆ ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸಿದನಂತೆ. ನಡುವೆ ಏನೂ ಆಗಿಲ್ಲವೆಂದೇ ಅವನ ವಾದ. ಡಾಕ್ಟರು ಪರೀಕ್ಷೆ ಮಾಡಿಸಿ, ಇದೂ ಒಂದು ಬಗೆಯ ಫಿಟ್ಸ್, ಮಾತ್ರೆ ತಪ್ಪಿಸಬೇಡಿ, ಬಸ್ಸು ಮರೆತುಬಿಡಿ ಎಂದರು.

ಮನೆಯಲ್ಲಿ ಕೂತ ಡ್ರೈವರ್ ಎಂದರೆ ಕೇಳಬೇಕೆ? ಕುಕ್ಕರಿನ ಸೀಟಿಗೂ ಸಲಹೆ ಕೊಡುತ್ತಿದ್ದ. ಕೊನೆಗೊಂದು ದಿನ ಪರಿಚಯದ ಬಡಗಿಯಿಂದ, ಮರವನ್ನು ಗಿರಗಿರ ತಿರುಗಿಸಿ ಕಡೆಯುವ ಹಳೆಯ ಪುಟ್ಟ ಲೇತು ತಂದು ಹಿಂದಿನ ಕೋಣೆಯಲ್ಲಿ ಇಟ್ಟ. ಜೊತೆಗೆ ಮರದ ಪೆನ್ನು ಮಾಡಲು ಬೇಕಾದ ಸ್ಲಿಮ್ ಪೆನ್ ಕಿಟ್‌ಗಳು. ಒಂದನ್ನು ಬಿಚ್ಚಿ ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುರಿದ: ಎರಡು ಹಿತ್ತಾಳೆ ಕೊಳವೆ, ಒಂದು ಮೂತಿ, ಒಂದು ಕ್ಲಿಪ್ಪು, ನಡುವಿಗೊಂದು ಉಂಗುರ, ತಿರುಗಿಸಿದರೆ ರೀಫಿಲ್ ಹೊರತಳ್ಳುವ ತಿರುಪು.

"ಇಷ್ಟೇನಾ?"

"ಇಷ್ಟೇ ಕಣೇ, ಅದೇ ಇದರ ಗಮ್ಮತ್ತು! ಒಂದೇ ಅಳತೆ ತೂತು, ಗೇಣುದ್ದದ ಮರ. ಮುರಿದ ಕುರ್ಚಿ ಕಾಲಾದ್ರೂ ಆಗತ್ತೆ. ದೊಡ್ಡ ಕಿಟ್ಟುಗಳಲ್ಲಿ ಥಳಕೇ ಜಾಸ್ತಿ, ಮರಾನೇ ಕಾಣಲ್ಲ. ಇದು ಬೆಳಿಗ್ಗೆ ಹೊರಟ್ರೆ ಊಟದ ಹೊತ್ತಿಗೆ ಡಿಪೋ ಸೇರತ್ತೆ, ಪೆನ್ನು ರೆಡಿ."

"ಲೇತಿನ ವಿಷಯ ಡಾಕ್ಟರನ್ನ ಕೇಳಿದ್ರಾ?"

"ಅವ್ರು ಬಸ್ ಬೇಡ ಅಂದ್ರು. ಇದೇನು ಬಸ್ಸಾ?"

ಕೇಳಿಲ್ಲವೆಂದು ಅವಳಿಗೆ ತಿಳಿಯಿತು. ಕೇಳಿದರೆ ಬೇಡ ಅನ್ನುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಬಸ್ಸು ಬಿಟ್ಟ ಮೇಲೆ ಮೊದಲ ಸಲ ಅವನ ಮುಖದಲ್ಲಿ ಕಳೆ ಕಂಡಿತ್ತು. ಅದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. ಹಾಗಾಗಿ ಒಂದು ಕಟ್ಟಳೆ ಮಾಡಿದಳು. ಲೇತು ತಿರುಗುವಷ್ಟು ಹೊತ್ತೂ ಅವನು ಮಾತಾಡುತ್ತಲೇ ಇರಬೇಕು. ಅವಳು ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ಸ್ಟೂಲಿನಲ್ಲಿ ಕೂತಿರುತ್ತಾಳೆ. ಮಾತು ನಿಂತರೆ ಲೇತೂ ನಿಲ್ಲಬೇಕು.

"ಮಾತಾಡ್ತಾ ಇರಿ ಅಂತ ಹೆಂಡ್ತಿ ಅಪ್ಪಣೆ ಕೊಟ್ಟ ಗಂಡಸು ಲೋಕದಲ್ಲಿ ನಾನೊಬ್ನೇ," ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಪೆನ್ನುಗಳೇನೋ ಆದವು. ಕೊಳವೆಗೆ ಮರ ಅಂಟಿಸಿ, ಲೇತಿನ ಕಂಬಿಗೆ ಪೋಣಿಸಿ, ತಿರುಗುವಾಗ ಉಳಿಯಿಂದ ಕೆರೆಯುತ್ತ ಹೋಗಬೇಕು. ತುದಿಯ ಹತ್ತಿರ ಹಿತ್ತಾಳೆಯ ಮೇಲೆ ಉಳಿಯುವ ಮರ ಈರುಳ್ಳಿ ಸಿಪ್ಪೆಯಷ್ಟು ತೆಳು. ಅಲ್ಲಿ ಎಂಥ ಬಾಯಾಳಿಯೂ ಉಸಿರು ಬಿಗಿಹಿಡಿಯುತ್ತಾನೆ. ಅವನೂ ಹಿಡಿದ. ಅವಳು ಫಟ್ಟನೆ ಸ್ವಿಚ್ ಆರಿಸಿದಳು, ಉಳಿ ಕಚ್ಚಿಕೊಂಡು ಮರ ಸಿಡಿದುಹೋಯಿತು.

"ಕೈ ನಡುಗಬಾರ್ದು ಅಂತ ಸುಮ್ನಿದ್ದೆ ಕಣೇ! ಸತ್ತೇನೂ ಹೋಗಿರ್ಲಿಲ್ಲ. ಇನ್ಮೇಲೆ ಒಂದು ಚೂರು ತಡೆದು ನೋಡು."

ಹಾವು ಕಂಡವರಿಗೆ ಹಗ್ಗ ಕಂಡರೂ ಹೆದರಿಕೆ ಎಂದು ಅವಳು ತನ್ನನ್ನೇ ಬೈದುಕೊಂಡಳು. ತಡೆಯುತ್ತೇನೆ ಎಂದು ಒಪ್ಪಿದಳು. ಅದೇ ತಪ್ಪಾಯಿತು.

ಅವಳ ಹಳೆಯ ಹೊಲಿಗೆ ಯಂತ್ರದ ಮರದ ಪೀಠ ಬಿರುಕು ಬಿಟ್ಟಿತ್ತು. ಅದರ ತುಂಡಿನಲ್ಲಿ ಅವಳಿಗೇ ಒಂದು ಪೆನ್ನು ಮಾಡಲು ಅವನು ಹೊರಟ. ಉಳಿ ಆಡಿಸುತ್ತ ಹಳೆಯ ಕಥೆ ತೆಗೆದ. "ಆವತ್ತು ಪ್ಯಾಂಟ್ ಹೊಲಿಸೋಕೆ ನಿನ್ನಂಗಡಿಗೆ ಬಂದೆ. ನೀನು ನನ್ನ ಮುಖಾನೂ ನೋಡ್ದೆ ಸೊಂಟದ ಅಳತೆ ತಗೊಂಡು..."

ಮಾತು ನಿಂತಿತು.

ತುದಿ ಹತ್ತಿರ ಬಂದಿರಬೇಕು, ಉಸಿರು ಹಿಡಿದಿರಬೇಕು. ಅವಳು ತಡೆದಳು. ಬೆರಳು ಸ್ವಿಚ್ಚಿನ ಮೇಲೆ ಬೆವರುತ್ತಿತ್ತು. ಮರದ ಸದ್ದು ಹೋಗಿ ಲೋಹದ ಕಿರುಚು ಕೇಳಿತು. ಹಿತ್ತಾಳೆ ಹೊಳೆಯಿತು. ಅವನ ರೆಪ್ಪೆ ಬಡಿಯುತ್ತಿರಲಿಲ್ಲ; ಎಡಗೈ ತಿರುಗುವ ಕಂಬಿಯ ಕಡೆಗೆ ಮೆಲ್ಲಗೆ ಜಾರುತ್ತಿತ್ತು. ಅವಳು ಸ್ವಿಚ್ಚನ್ನು ಅಂಗೈಯಿಂದಲೇ ಬಡಿದಳು. ಕಂಬಿ ನಿಲ್ಲುವ ಮೊದಲು ಅವನ ಹೆಬ್ಬೆರಳಿನ ಚರ್ಮ ಕಿತ್ತುಬಂತು. ಉಳಿ ನೆಲಕ್ಕೆ ಬಿತ್ತು.

"...ಮೂವತ್ತು ಅಂತ ಬರ್ಕೊಂಡೆ," ಎಂದು ಅವನು ಮಾತು ಮುಗಿಸಿದ. ಆಮೇಲೆ ರಕ್ತ ನೋಡಿದ. ಬೆತ್ತಲಾದ ಕೊಳವೆ ನೋಡಿದ. "ಇಲ್ಲಿ ಮರ ಇತ್ತಲ್ವೇನೇ?"

ನಡುವೆ ಏನೂ ಆಗಿಲ್ಲವೆಂದು ಈ ಸಲ ಅವನಿಗೆ ಹೇಳಲಾಗಲಿಲ್ಲ. ಅವನು ಹೆದರಿದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಅವನನ್ನು ಸ್ಟೂಲಿನಲ್ಲಿ ಕೂರಿಸಿದಳು. ಕಿಟ್‌ಗಳನ್ನು ಎತ್ತಿಡಲಿಲ್ಲ. ಮಾರನೆಯ ದಿನ ಅವನನ್ನು ಬೆನ್ನ ಹಿಂದೆ ಅದೇ ಸ್ಟೂಲಿನಲ್ಲಿ ಕೂರಿಸಿ, ಪೀಠದ ಇನ್ನೊಂದು ತುಂಡು ಪೋಣಿಸಿ ಉಳಿ ತಾನೇ ಹಿಡಿದಳು.

"ಹೇಗೆ ಕೆರೀಬೇಕು, ನೀವು ಹೇಳ್ತಾ ಇರಿ. ನಿಲ್ಲಿಸ್ಬೇಡಿ."

"ನಿಂಗ್ಯಾಕೆ ಈ ಉಸಾಬರಿ?"

"ಕಾಜ ಹೊಲಿದ ಕೈ ಇದು. ಹೇಳಿ."

ಅವನು ಹೇಳಿದ. ಉಳಿಯನ್ನು ಓರೆ ಮಾಡು, ಒತ್ತಬೇಡ, ಮರವೇ ತಾನಾಗಿ ಬಿಟ್ಟುಕೊಡತ್ತೆ. ಮರದ ಸಿಪ್ಪೆ ಸಿಂಬೆ ಸಿಂಬೆಯಾಗಿ ಅವಳ ಮಣಿಕಟ್ಟಿನ ಮೇಲೆ ಬಿದ್ದಿತು. ತೆಳು ಜಾಗ ಬಂತು. ಬೆನ್ನ ಹಿಂದೆ ಮಾತು ನಿಂತಿತು.

ಅವಳು ಈ ಸಲ ತಡೆಯಲಿಲ್ಲ. ಉಳಿ ಎತ್ತಿಟ್ಟು, ಲೇತು ಆರಿಸಿ, ತಿರುಗಿದಳು. ಅವನು ಗೋಡೆಯನ್ನು ನೋಡುತ್ತ ಕೂತಿದ್ದ, ಕಣ್ಣು ಬಿಟ್ಟುಕೊಂಡೇ. ಎದುರು ಮಂಡಿಯೂರಿ ಕೂತು, ಬಟ್ಟೆ ಸುತ್ತಿದ ಆ ಕೈಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು. ಕೋಣೆಯ ಮೌನ ಸಹಿಸಲಾಗಲಿಲ್ಲ. ಅವಳೇ ಮಾತಾಡತೊಡಗಿದಳು.

"ಮೂವತ್ತಲ್ಲ ರೀ, ಮೂವತ್ತೆರಡು. ಮುಖ ನೋಡ್ಲಿಲ್ಲ ಅಂತೀರಲ್ಲ, ನೋಡಿದ್ದೆ. ಬಾಯಲ್ಲಿ ಸೂಜಿ ಇತ್ತು, ಅದಕ್ಕೆ ನಗ್ಲಿಲ್ಲ. ಪ್ಯಾಂಟ್ ಎರಡು ದಿನ ಮೊದ್ಲೇ ಮುಗ್ದಿತ್ತು, ಇನ್ನೊಂದ್ಸಲ ಬರ್ಲಿ ಅಂತ ಆಗಿಲ್ಲ ಅಂದೆ. ಕೇಳಿಸ್ತಿದ್ಯಾ? ಆಮೇಲೆ..."

ಅವನ ಬೆರಳು ಮತ್ತೆ ಅವಳ ಕೈಯನ್ನು ಬಿಗಿಹಿಡಿಯುವವರೆಗೂ ಅವಳು ಮಾತು ನಿಲ್ಲಿಸಲಿಲ್ಲ.