ಮುಟ್ಟಬಾರದ ಫೋನು

ಸೈಫುದ್ದೀನನಿಗೆ ಐವತ್ಮೂರು ವರ್ಷ. ಅದರಲ್ಲಿ ಮೂವತ್ತು ವರ್ಷ ಮಂದಿಯ ಮನೆಗೆ ವೈರು ಎಳೆಯುವುದರಲ್ಲೇ ಹೋಗಿವೆ. ಮೊದಲು ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಗಳಲ್ಲಿ ಮಾಳಿಗೆಯಿಂದ ಮಾಳಿಗೆಗೆ ದಾಟಿ ಟಿ.ವಿ. ಕೇಬಲ್ ಹಾಕುತ್ತಿದ್ದ. ಆಗ ಮೊಣಕಾಲು ಗಟ್ಟಿ ಇದ್ದವು, ಹೋದ ಮನೆಯಲ್ಲೆಲ್ಲ ಚಹಾ ಸಿಗುತ್ತಿತ್ತು. ಈಗ ಒಂದು ಸಣ್ಣ ಇಂಟರ್ನೆಟ್ ಕಂಪನಿಯ ಲೈನ್‌ಮನ್. ತಿಕೋಟಾ, ಬಬಲೇಶ್ವರ ಎರಡೂ ಕಡೆಯ ಲೈನು ಇವನೊಬ್ಬನ ಕೊರಳಿಗೆ. ಮೊಣಕಾಲು ಹೋದವು, ಚಹಾವೂ ಹೋಯಿತು. ನೆಟ್ ಓಡುವಾಗ ಸೈಫುದ್ದೀನ ಸತ್ತನೋ ಇದ್ದನೋ ಯಾರೂ ಕೇಳುವುದಿಲ್ಲ. ನಿಂತರೆ ಮಾತ್ರ ಅವನ ನಂಬರು ಎಲ್ಲರಿಗೂ ಬಾಯಿಪಾಠ.

ಕುಡಿಯುವ ನೀರಿನ ಪೈಪು ಹಾಕಲು ಜೆಸಿಬಿ ರಸ್ತೆಗಿಳಿದ ಮೇಲೆ ಕೇಬಲ್ ಕಡಿಯದ ವಾರವೇ ಇಲ್ಲ. ಹೋದ ವರ್ಷ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಗುರಲಿಂಗಪ್ಪ ಅವನನ್ನು ಅಂಗಡಿಯಲ್ಲೇ ಕೂಡಿಸಿಕೊಂಡು ಏರುದನಿಯಲ್ಲಿ ಕೇಳಿದ್ದ: “ಮಾರ್ಕೆಟ್ ಬೆಲಿ ನೋಡಬೇಕು, ನೆಟ್ ಇಲ್ಲ. ಕಣ್ಣ ಮುಚ್ಚಿ ಮಾರಲೇನಪಾ ಮಾಲ?” ಬೈಸಿಕೊಂಡು ಬಂದ ಸೈಫುದ್ದೀನ ಅಕ್ಕನ ಮಗ ನದೀಮನ ಎದುರು ಕೂತು ಗೋಳು ಹೇಳಿಕೊಂಡ. ನದೀಮ ಯು.ಎಸ್.ಬಿ. ಕಿಂಡಿಯಿದ್ದ ಒಂದು ಹಳೆಯ ರೌಟರಿಗೆ ಬೇರೆ ಸಾಫ್ಟ್‌ವೇರ್ ತುಂಬಿ ಕೊಟ್ಟ. ಚಾರ್ಜರಿನ ವೈರಿನಿಂದ ಫೋನನ್ನು ಅದಕ್ಕೆ ಸಿಕ್ಕಿಸಿ, ಫೋನಿನಲ್ಲಿ ಯು.ಎಸ್.ಬಿ. ಟೆದರಿಂಗ್ ಎಂಬುದನ್ನು ಒತ್ತಿದರೆ ಮುಗಿಯಿತು. ಫೋನಿನ ನೆಟ್ಟೇ ರೌಟರಿಗೆ ಹರಿದು, ಅಲ್ಲಿಂದ ಅಂಗಡಿಯ ಕಂಪ್ಯೂಟರು, ಪ್ರಿಂಟರು ಎಲ್ಲಕ್ಕೂ ಮೊದಲಿನ ವೈರಿನಲ್ಲೇ ಹೋಗುತ್ತದೆ. ಹಾಟ್‌ಸ್ಪಾಟ್ ಇಟ್ಟರೆ ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ. ಇದರಲ್ಲಿ ರೌಟರೇ ಫೋನಿಗೆ ಚಾರ್ಜು ಕೊಡುತ್ತದೆ.

ಗುರಲಿಂಗಪ್ಪ ಖುಷಿಯಾದ. ಖುಷಿಯಾದವನು ಸುಮ್ಮನಿರಬೇಕಿತ್ತು, ನಾಲ್ಕು ಮಂದಿಗೆ ಹೇಳಿದ. ಅಲ್ಲಿಂದ ಲೈನು ಕಡಿದಾಗಲೆಲ್ಲ ಸೈಫುದ್ದೀನನ ಫೋನು ಆ ರೌಟರಿನ ಜೊತೆ ಒಂದಿಲ್ಲೊಂದು ಅಂಗಡಿಯ ಗೋಡೆಯ ಗೂಡಿನಲ್ಲಿ ಕೂರುವುದು, ಅವನು ಬರಿಗೈಲಿ ರಸ್ತೆ ಮೇಲೆ ತಿರುಗುವುದು ರೂಢಿಯಾಗಿಬಿಟ್ಟಿತು. ಇಲ್ಲ ಎನ್ನುವ ಮಾತು ಅವನ ಬಾಯಲ್ಲಿ ಹುಟ್ಟಿಯೇ ಇಲ್ಲ. ಅದೊಂದು ಒಳ್ಳೆಯ ಗುಣ ಎಂದು ಜನ ಹೊಗಳುತ್ತಾರೆ. ಹೊಗಳುವವರಿಗೇನು, ಬಾಯಿ ನೋಯುವುದಿಲ್ಲ.

ಆದರೆ ಫೋನಿನ ಚಾರ್ಜಿಂಗ್ ಕಿಂಡಿ ಸವೆದು ಸಡಿಲವಾಗಿತ್ತು. ವೈರು ಒಂದು ಎಳೆಯಷ್ಟು ಅಲುಗಿದರೂ ಟೆದರಿಂಗ್ ತಾನಾಗಿಯೇ ಬಂದ್ ಆಗುತ್ತಿತ್ತು. ಮತ್ತೆ ಹಚ್ಚಬೇಕೆಂದರೆ ಲಾಕು ತೆಗೆಯಲು ಅವನೇ ಬರಬೇಕು. ಫೋನು ಹಳೆಯದು, ಕರೆ ಎತ್ತಿದರೂ ನೆಟ್ ನಿಲ್ಲುತ್ತಿತ್ತು. ಹೀಗಾಗಿ ಅವನು ಫೋನಿನ ಮುಖ ಗೋಡೆಗೆ ಮಾಡಿ, ವೈರಿಗೆ ಟೇಪು ಸುತ್ತಿ, ಮೇಲೊಂದು ಚೀಟಿ ಅಂಟಿಸಿ ಹೋಗುತ್ತಿದ್ದ: ‘ಯಾರೂ ಮುಟ್ಟಬಾರದು. ರಿಂಗಾದರೂ ಎತ್ತಬಾರದು.’ ಆ ಚೀಟಿಯನ್ನು ಅವನ ಮಗಳು ಮಿನಾಜಳೇ ದುಂಡಗೆ ಬರೆದುಕೊಟ್ಟಿದ್ದಳು.

ಮಿನಾಜಳಿಗೆ ಈ ವರ್ಷ ನರ್ಸಿಂಗ್ ಸೀಟು ಸಿಕ್ಕಿತ್ತು, ಅದೂ ವಿಜಯಪುರದಲ್ಲೇ, ಮನೆಯಿಂದ ಹೋಗಿಬರುವಷ್ಟು ದೂರದಲ್ಲಿ. ಸೋಮವಾರ ಸಂಜೆ ಐದರೊಳಗೆ ಒಂದು ಸರ್ಟಿಫಿಕೇಟ್ ಏರಿಸಿ, ಸೀಟು ಒಪ್ಪಿಕೊಂಡೆ ಎಂದು ಆನ್‌ಲೈನಿನಲ್ಲಿ ಒತ್ತಬೇಕು. ಒತ್ತದಿದ್ದರೆ ಸೀಟು ಬೇರೆಯವರಿಗೆ. ಅರ್ಜಿ ತುಂಬುವಾಗ, ಮನೆಗೆಲ್ಲ ಒಂದೇ ನಂಬರು ಸಾಕು ಎಂದು ಸೈಫುದ್ದೀನ ತನ್ನದನ್ನೇ ಬರೆಸಿದ್ದ.

ಸೋಮವಾರ ಬೆಳಿಗ್ಗೆ ಅವನು ಬೈಕಿಗೆ ಕಿಕ್ ಹೊಡೆಯುವಾಗ ಮಗಳು ಬಾಗಿಲಿಗೆ ಬಂದಳು.

“ಅಬ್ಬಾ, ಸರ್ಟಿಫಿಕೇಟ್ ಎರಡಕ್ಕ ಕೈಗಿ ಸಿಗತದ. ಮೂರಕ್ಕ ನೆಟ್ ಸೆಂಟರಿಗಿ ಹೋಗ್ತೀನಿ. ನಿಮ್ಮ ಫೋನಿಗಿ ಓಟಿಪಿ ಬರತದ್ರಿ, ಅಮ್ಮಿ ಫೋನಿಂದ ಹಚ್ಚಿ ಕೇಳ್ತೀನಿ. ಫೋನ್ ಹಂತ್ಯಾಕ ಇಟ್ಕೊಳ್ರಿ.”

“ಎಲ್ಲಿ ಹೋಗತದವಾ ಫೋನು? ಕಿಸೇದಾಗೇ ಇರತದ,” ಅಂದ.

ಬಬಲೇಶ್ವರ ಮುಟ್ಟಿದಾಗ ಹನ್ನೊಂದು. ಸುಧಾರಾಣಿಯ ಆನ್‌ಲೈನ್ ಕೇಂದ್ರದ ಮುಂದೆ ಪಿಂಚಣಿಗೆ ಹೆಬ್ಬೆಟ್ಟು ಕೊಡಲು ಬಂದ ಮುದುಕ ಮುದುಕಿಯರ ಸಾಲು ರಸ್ತೆಗೆ ಬಂದಿತ್ತು. ಒಳಗೆ ನೆಟ್ ಸತ್ತು ಬಿದ್ದಿತ್ತು. ಸೈಫುದ್ದೀನ ಕಂಡದ್ದೇ ತಡ, ಸುಧಾರಾಣಿ ಗೂಡು ಒರೆಸಿ ಸ್ವಚ್ಛ ಮಾಡಿದಳು. ಅವನು ಅನುಮಾನಿಸಿ ನಿಂತ. “ಇವತ್ತ ಫೋನ್ ಬೇಕಾಗೇದವಾ ನನಗ,” ಎಂದು ಹೇಳಿಯೂ ಹೇಳಿದ. ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಕಾಖಂಡಕಿಯ ಭೀಮಾಬಾಯಿ ಮೊಣಕೈ ಊರಿ ಎದ್ದಳು.

“ಮೂರನೇ ಸಲಾ ಬಂದೇನೋ ಯಪ್ಪಾ. ಬಸ್ಸಿನ್ಯಾಗ ನಿಂತ್ ನಿಂತ್ ನಡಾ ಹೋತು. ಇವತ್ತೂ ಇಲ್ಲಂದ್ರ ನಾ ಇಲ್ಲೇ ಮಲಕೊಂತೀನಿ ನೋಡು.”

ಸೈಫುದ್ದೀನ ಗಡಿಯಾರ ನೋಡಿಕೊಂಡ. ಲೈನು ಊರ ಹೊರಗೇ ಕಡಿದಿದೆ, ಒಂದು ತಾಸಿನ ಕೆಲಸ. ಮೂರರೊಳಗೆ ಎರಡು ಸಲ ಬಂದು ಹೋಗಬಹುದು. ಫೋನು ಗೂಡಿಗೆ ಸೇರಿತು. ರೌಟರಿನ ದೀಪ ಹಸಿರಾಯಿತು, ಸಾಲು ಸರಿಯಿತು. ಭೀಮಾಬಾಯಿ ಅವನ ಕೆನ್ನೆ ಸವರಿ ಬೆರಳು ನೆಟಿಕೆ ತೆಗೆದಳು.

ಒಂದೂವರೆಗೆ ಆ ಕಡಿತ ಜೋಡಿಸಿ ಆಯಿತು. ಆದರೂ ಲೈನಿಗೆ ಜೀವ ಬರಲಿಲ್ಲ. ಜೆಸಿಬಿ ಅಲ್ಲಿಗೇ ನಿಂತಿರಲಿಲ್ಲ, ಮುಂದೆ ಕಾಖಂಡಕಿ ದಾರಿಯಲ್ಲಿ ಇನ್ನೊಂದು ಕಡೆ ಕಡಿದಿತ್ತು. ಸೈಫುದ್ದೀನ ಡಬ್ಬಿಯಲ್ಲಿದ್ದ ಚಪಾತಿ ನಿಂತೇ ತಿಂದು ಅಲ್ಲಿಗೆ ಹೋದ. ತಗ್ಗಿನಲ್ಲಿಳಿದು, ಕೂದಲಿನಂಥ ಗಾಜಿನ ಎಳೆಗಳನ್ನು ಒಂದೊಂದಾಗಿ ಒರೆಸಿ ಯಂತ್ರದಲ್ಲಿಟ್ಟು ಬೆಸೆಯತೊಡಗಿದ. ಹನ್ನೆರಡು ಎಳೆ. ಐದು ಮುಗಿದಾಗ ಬೆನ್ನು ನೆಟ್ಟಗೆ ಮಾಡಿ ಗಡಿಯಾರ ನೋಡಿದ. ಮೂರೂಕಾಲು.

ಮಗಳು ಹೇಳಿದ ಹೊತ್ತು ಮೀರಿತ್ತು. ಮೇಲೆ ಹತ್ತಿ, ಜೆಸಿಬಿ ಓಡಿಸುವವನ ಹತ್ತಿರ ಫೋನು ಇಸಿದುಕೊಂಡ. ಇಸಿದುಕೊಂಡು ಸುಮ್ಮನೆ ನಿಂತ. ಹೆಂಡತಿ ಅಬೇದಾಳ ನಂಬರು ಅವನಿಗೆ ಬರುತ್ತಿರಲಿಲ್ಲ. ಸುಧಾರಾಣಿಯದೂ ಬರುತ್ತಿರಲಿಲ್ಲ. ಎಲ್ಲವೂ ಆ ಫೋನಿನೊಳಗೇ ಇದ್ದವು. ಇಷ್ಟು ವರ್ಷ ಊರಿಗೆಲ್ಲ ಹೇಳಿ ಹೇಳಿ ಅವನಿಗೆ ಬಾಯಿಪಾಠ ಬರುವುದು ಒಂದೇ ನಂಬರು, ತನ್ನದು.

ತನ್ನ ನಂಬರಿಗೇ ಹಚ್ಚಿದ. ರಿಂಗಾಯಿತು. ಆಗುತ್ತಲೇ ಇತ್ತು. “ಎತ್ತವಾ ಸುಧಾ, ಒಮ್ಮಿ ಎತ್ತವಾ,” ಎಂದು ರಸ್ತೆ ಮೇಲೆ ನಿಂತು ಗೋಗರೆದ. ಯಾರೂ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಹೇಗೆ ಎತ್ತಿಯಾರು? ಅವನದೇ ಕಟ್ಟಪ್ಪಣೆ, ಮಗಳದೇ ಅಕ್ಷರ.

ಆಗಲೇ ಹೊರಟಿದ್ದರೆ ಆಗುತ್ತಿತ್ತು. ಆದರೆ ತೆರೆದ ಎಳೆಗೆ ಮಣ್ಣು ತಾಗಿದರೆ ಮತ್ತೆ ಮೊದಲಿನಿಂದ ಕೂರಬೇಕು. ಲೈನು ಬಾರದೆ ಫೋನು ಕಿತ್ತರೆ ಅಲ್ಲಿ ಸಾಲು ನಿಲ್ಲುತ್ತದೆ. ಇನ್ನು ಏಳೇ ಏಳು ಎಳೆ, ಐದಕ್ಕೆ ಇನ್ನೂ ಹೊತ್ತಿದೆ, ಓಟಿಪಿ ಮತ್ತೆ ಮತ್ತೆ ತರಿಸಬಹುದು ಎಂದು ಲೆಕ್ಕ ಹಾಕಿ ಅವನು ತಗ್ಗಿಗಿಳಿದ. ದಣಿದ ಮನುಷ್ಯ ಹಾಕುವ ಲೆಕ್ಕವೇ ಹಾಗೆ, ಕೈಯಲ್ಲಿದ್ದ ಕೆಲಸವೇ ಅದಕ್ಕೆ ದೊಡ್ಡದಾಗಿ ಕಾಣುತ್ತದೆ.

ಮುಗಿದಾಗ ನಾಲ್ಕೂ ಇಪ್ಪತ್ತು. ಹಿಂದಿರುಗುವ ದಾರಿಗೆ ಅಡ್ಡಲಾಗಿ ಪೈಪಿನ ಟ್ರ್ಯಾಕ್ಟರು ತಗ್ಗಿಗೆ ಸಿಕ್ಕಿಬಿದ್ದಿತ್ತು. ಹೊಲದ ದಾರಿ ಹಿಡಿದು, ಬೈಕನ್ನು ನೂಕಿ, ಬೆವರಿಳಿಸಿಕೊಂಡು ಕೇಂದ್ರದ ಮುಂದೆ ನಿಂತಾಗ ಐದೂ ಹತ್ತು.

ಸಾಲು ಕರಗಿತ್ತು. ಸುಧಾರಾಣಿ ನಗುತ್ತ ಎದ್ದು ನಿಂತಳು.

“ಎಲ್ಲಾರದೂ ಹೆಬ್ಬೆಟ್ಟು ಆತ್ರಿ ಕಾಕಾ. ಭೀಮಾಬಾಯಿ ನಿಮಗ ಶಂಬರ ವರ್ಷ ಆಯುಷ್ಯ ಬೇಡಿಕೊಂಡು ಹೋದಳು. ನಿಮ್ಮ ಫೋನ್ ಮಾತ್ರ ಇವತ್ತ ಭಾಳ ಒದರ್ತು ನೋಡ್ರಿ. ಒಬ್ಬಾವ ಕೈ ಹಚ್ಚಾಕ ಬಂದಿದ್ದ, ಬೈದು ಹಿಂದ ಕಳಿಸೀನಿ. ಒಬ್ಬರಿಗೂ ಮುಟ್ಟಗೊಡಲಿಲ್ಲ.”

ಅವಳ ಮುಖದಲ್ಲಿ ಶಾಬಾಸ್ ಅನ್ನಿಸಿಕೊಳ್ಳುವ ಆಸೆ ಇತ್ತು. ಸೈಫುದ್ದೀನನಿಗೆ ಬೈಯಲು ಶಕ್ತಿಯೂ ಇರಲಿಲ್ಲ, ಕಾರಣವೂ ಇರಲಿಲ್ಲ. “ಚಲೋ ಮಾಡಿದಿವಾ,” ಅಂದ. ಟೇಪು ಬಿಚ್ಚಿದ. ಫೋನು ಕಾದು ಸುಡುತ್ತಿತ್ತು. ಒಂಬತ್ತು ಓಟಿಪಿ ಬಂದು ಸಾಲಾಗಿ ಕೂತಿದ್ದವು. ಅಬೇದಾಳ ಫೋನಿನಿಂದ ಹದಿನೇಳು ಕರೆ. ನಡುವೆ ಗುರುತಿಲ್ಲದ ನಂಬರಿನಿಂದ ಎರಡು, ಅವು ಅವನವೇ.

ಅಲ್ಲಿಂದಲೇ ಮನೆಗೆ ಹಚ್ಚಿದ. ಮಿನಾಜ ಎತ್ತಿದಳು.

“ಮುಗೀತ್ರಿ ಅಬ್ಬಾ. ಬಂದ್ ಆತು,” ಅಂದಳು. ಅತ್ತು ಮುಗಿಸಿದ ದನಿ. “ನೀವು ಹೊಲದಾಗೆಲ್ಲರ ಬಿದ್ದೀರಿ ಏನೋ ಅಂತ ಅಂಜಿದ್ದೆ.”

ಮನೆಯಲ್ಲಿ ಮಗಳು ಅವನ ಕೈಗೆ ನೀರು ಕೊಟ್ಟು ಒಳಗೆ ಹೋದಳು. ಬೈಯುವ ಕೆಲಸವನ್ನು ಅಬೇದಾ ಮಾಡಿದಳು. ತಾಟು ಅವನ ಮುಂದೆ ಸರಿಸುತ್ತ, “ಊರ ಮಂದಿಗೆಲ್ಲಾ ನೆಟ್ ಕೊಟ್ರಿ,” ಅಂದಳು. “ಮಗಳಿಗಿ ಆರು ಅಂಕಿ ಕೊಡಲಿಲ್ಲ.” ಅವನು ಮುರಿದ ರೊಟ್ಟಿಯನ್ನು ತಿರುಗಿ ತಾಟಿಗೇ ಇಟ್ಟ. ತಪ್ಪು ತನ್ನದು ಎಂದು ಅವನಿಗೆ ಗೊತ್ತಿತ್ತು, ಅದನ್ನು ಹೇಳಲೂ ನಾಚಿಕೆಯಾಯಿತು.

ಇನ್ನೊಂದು ಸುತ್ತಿನ ಸೀಟು ಹಂಚಿಕೆ ಇತ್ತು. ಆದರೆ ಅದರಲ್ಲಿ ಉಳಿದವೆಲ್ಲ ದೂರದೂರಿನ ಕಾಲೇಜುಗಳು, ಹಾಸ್ಟೆಲ್ಲಿನಲ್ಲಿ ಇರಬೇಕು. ಮಿನಾಜ ಅದಕ್ಕೂ ಅರ್ಜಿ ಹಾಕುವೆನೆಂದಳು. ಯಾರನ್ನೂ ಕೇಳಲಿಲ್ಲ, ಹೇಳಿದಳು ಅಷ್ಟೇ.

ಗುರುವಾರ ಬೆಳಿಗ್ಗೆ ಸೈಫುದ್ದೀನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ. ಮಗಳು ನದೀಮನ ಲ್ಯಾಪ್‌ಟಾಪು ತಂದು ಎದುರಿಗೆ ಕೂತಳು. ಅವನ ಫೋನು ರಿಂಗಾಯಿತು. ಗುರಲಿಂಗಪ್ಪ. ತಿಕೋಟಾದಲ್ಲಿ ಮತ್ತೆ ಎಲ್ಲೋ ಕಡಿದಿರಬೇಕು. ಸೈಫುದ್ದೀನ ಎತ್ತಲಿಲ್ಲ. ಫೋನು ಕೈಯಳತೆಯಲ್ಲಿದ್ದೂ ಎತ್ತದೆ ಬಿಟ್ಟದ್ದು ಅದೇ ಮೊದಲು.

ಕರೆ ನಿಂತ ಮೇಲೆ ಫೋನು ಸಣ್ಣಗೆ ಟಿಣ್ ಎಂದಿತು.

“ಓಟಿಪಿ ಬಂದದ ನೋಡ್ರಿ ಅಬ್ಬಾ. ಹೇಳ್ರಿ.”

ಅವನು ಕನ್ನಡಕ ಹಾಕಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಅಂಕಿ ಬಿಡಿಸಿ ಓದಿದ. ಆರೂ ಓದಿದ ಮೇಲೆ, ತಪ್ಪಾಗದಿರಲಿ ಎಂದು, ಇನ್ನೊಮ್ಮೆ ಓದಿದ. ಮಗಳು ಒತ್ತಿದಳು.

“ಆತೇನವಾ ಅರ್ಜಿ?” ಆಸೆಯಿಂದ ಕೇಳಿದ.

“ಅರ್ಜಿ ಅಲ್ರಿ, ಅದು ನಾಳಿಗಿ. ಇದು ನಂಬರ್ ಬದಲ ಮಾಡಾಕ. ಹಳೇ ನಂಬರಿಗಿ ಒಮ್ಮಿ ಓಟಿಪಿ ಬರತದ, ಅದನ್ನ ಕೊಟ್ರ ಆ ನಂಬರ್ ತೆಗದುಬಿಡ್ತಾರ. ಅಮ್ಮಿದು ಹಾಕೀನಿ.” ಅವಳ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಲ್ಯಾಪ್‌ಟಾಪು ಮುಚ್ಚಿ ಏಳುತ್ತ, ಅಪ್ಪನ ಎಣ್ಣೆ ಬಟ್ಟಲನ್ನು ಕಾಲಿಗೆ ತಾಗದಂತೆ ಬದಿಗೆ ಸರಿಸಿದಳು. “ಇನ್ನ ನಿಮ್ಮ ಫೋನ್ ಎಲ್ಲಿ ಬೇಕಾದ್ರೂ ಇಡ್ರಿ ಅಬ್ಬಾ. ಕಾಳಜಿ ಇಲ್ಲ.”